ಮತ, ದಾನ, ಆಯ್ಕೆ: ಚುನಾವಣೆಯ ಕನ್ನಡ ಶಬ್ದಗಳ ವಿಮರ್ಶೆ

ಹಂಗೇರಿ ದೇಶದ ರಾಜಧಾನಿಯಾದ ಬುಡಾಪೆಸ್ಟ್ ನಗರದಲ್ಲಿ ೨೦೧೯ನೆಯ ಇಸವಿ ಅಕ್ಟೋಬರ್ ೧೩ರಂದು ಮೇಯರ್ ಪದವಿಗೆ ಚುನಾವಣೆ ನಡೆದು, ೨೦೧೦ರಿಂದ ಆ ಪದವಿಯಲ್ಲಿದ್ದ ಇಷ್ಟ್ವಾನ್ ತಾರ್ಲೋಷ್ ಎಂಬವರು ಪ್ರತಿಪಕ್ಷಗಳ ಅಭ್ಯರ್ಥಿಯಾದ ಗೆರ್ಗೆಯ್ ಕರಾಚೋನಿ ಎಂಬವರಿಗೆ ಸೋತರು. ಈ ಸೋಲುಗೆಲವಿನಲ್ಲಿ ಕನ್ನಡ ವಿದ್ವಾಂಸರ ಆಸಕ್ತಿಗೆ ವಿಷಯವಾಗುವಂಥದು ಹೆಚ್ಚೇನೂ ಇಲ್ಲ. ಆದರೆ ಅದಕ್ಕೆ ನಾಲ್ಕು ತಿಂಗಳು ಹಿಂದೆ, ಜೂನ್ ತಿಂಗಳಿನಲ್ಲಿ, ಆ ಪ್ರತಿಪಕ್ಷಗಳು ಮಾಡಿದ್ದ ಒಂದು ಕೆಲಸ ಗಮನಾರ್ಹವಾದದ್ದು. ತಮ್ಮೆಲ್ಲರ ಪರವಾಗಿ ನಿಲ್ಲತಕ್ಕವನು ಯಾರೆಂಬುದನ್ನು ಪಕ್ಷದ ಹಿರಿಯರು ಕೋಣೆಯ ಬಾಗಿಲು ಹಾಕಿಕೊಂಡು ನಿಶ್ಚಯಿಸದೆ, ನಗರದ ನಿವಾಸಿಗಳ ಮುಂದೆಯೇ ಆ ಪ್ರಶ್ನೆಯನ್ನಿಟ್ಟು, ಅರವತ್ತು ಸಾವಿರಕ್ಕೆ ಮೇಲ್ಪಟ್ಟ ಜನರಿಂದ ಮತ ಪಡೆದು ನಿಶ್ಚಯಿಸಿದ್ದುವು.

ಈ ಸಂಗತಿಯನ್ನು ಕನ್ನಡದಲ್ಲಿ ಒಂದು ವಾಕ್ಯವಾಗಿ ಬರೆಯಹೊರಟವನಿಗೆ ರಾಜಧಾನಿ, ಮಹಾಪೌರ, ಚುನಾವಣೆ, ಪ್ರತಿಪಕ್ಷ, ಅಭ್ಯರ್ಥಿ, ಮತ ಎಂಬ ಆರು ಶಬ್ದಗಳು ಕೂಡಲೆ ಒದಗುತ್ತವೆ. ಏಳನೆಯದು ಒದಗುವುದಿಲ್ಲ. ಇಂಗ್ಲಿಷಿನವರು ಪ್ರೈಮರಿ ಎನ್ನುವ ಆ ಕ್ರಿಯೆಯನ್ನು ‘ಪ್ರಾಥಮಿಕ ಚುನಾವಣೆ’ ಎಂದು ಭಾಷಾಂತರಿಸಿದರೆ, ಪ್ರಾಥಮಿಕ ಪಾಠಶಾಲೆಯನ್ನೂ ಪ್ರಾಥಮಿಕ ಚಿಕಿತ್ಸೆಯನ್ನೂ ಬಲ್ಲ ಓದುಗನು ಇದೂ ಅಂಥದೇ ಒಂದು ಕೆಳದರ್ಜೆಯ ಚುನಾವಣೆಯೆಂದು ತಿಳಿಯುವನು. ಭಾಷೆಯೊಂದರಲ್ಲಿ ಶಬ್ದವಿಲ್ಲದಿರುವುದು ಆಕಸ್ಮಿಕವಲ್ಲ. ಆ ಇಲ್ಲದಿರುವಿಕೆಗೆ ಕಾರಣವನ್ನು, ಇರುವ ಆರು ಶಬ್ದಗಳ ನಡತೆಯನ್ನು ಪರೀಕ್ಷಿಸಿ ಕಂಡುಕೊಳ್ಳಬೇಕಾಗಿದೆ. ಪರೀಕ್ಷೆಗೆ ನೆಲ ಬೇಕಷ್ಟೆ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ೨೦೧೩ರಿಂದ ೨೦೨೪ರವರೆಗೆ ಅಭ್ಯರ್ಥಿಗಳನ್ನು ನಿಲ್ಲಿಸಿದ, ಬದಲಿಸಿದ, ಹಿಂತೆಗೆದ ರೀತಿಗಳು ಎಷ್ಟು ವಿಧವಾಗಿವೆಯೆಂದರೆ, ಈ ಶಬ್ದಗಳ ಪ್ರಯೋಗಕ್ಕೆ ಅದಕ್ಕಿಂತ ತಕ್ಕ ಲಕ್ಷ್ಯ ಬೇರೆ ಕಡೆ ದೊರೆಯುವುದು ಕಷ್ಟ.

ರಾಜಧಾನಿಯೆಂಬ ಶಬ್ದವನ್ನು ಬೇಗ ಮುಗಿಸಬಹುದು. ನರಸೀಪುರ ತಾಲ್ಲೂಕಿನಲ್ಲಿಯೇ ತಲಕಾಡು ಇದೆ. ಗಂಗರು ಅಲ್ಲಿಂದ ಆಳಿದರು, ಚೋಳರು ಅದನ್ನು ಹಿಡಿದು ರಾಜರಾಜಪುರವೆಂದು ಹೆಸರಿಟ್ಟರು, ವಿಷ್ಣುವರ್ಧನನು ಅದನ್ನು ಗೆದ್ದು ತಲಕಾಡುಗೊಂಡನೆನಿಸಿಕೊಂಡನು, ಕಡೆಗೆ ಮರಳು ಅದನ್ನು ಮುಚ್ಚಿತು. ರಾಜನನ್ನು ಇರಿಸಿಕೊಂಡದ್ದು ರಾಜಧಾನಿ. ರಾಜನಿಲ್ಲದ ಕಾಲದಲ್ಲಿಯೂ ಆ ಶಬ್ದವನ್ನು ಬಿಡದಿರುವುದರಿಂದ ಯಾರಿಗೂ ಬಾಧಕವಿಲ್ಲ.

ಮಹಾಪೌರ ಶಬ್ದದ ವಿಷಯ ಹಾಗಲ್ಲ. ಇಂಗ್ಲೆಂಡಿನಲ್ಲಿ ಮೇಯರನ ಹೆಸರಿನ ಹಿಂದೆ ಹಚ್ಚುವ ಗೌರವವಾಚಕವನ್ನು ಅನುಕರಿಸಿ ಕರ್ನಾಟಕದ ನಗರಪಾಲಿಕೆಗಳಲ್ಲಿ ‘ಪೂಜ್ಯ ಮಹಾಪೌರರು’ ಎಂದು ಬರೆಯುವ ವಾಡಿಕೆ ಬಂದಿದೆ. ಪೌರನೆಂದರೆ ಪುರದಲ್ಲಿ ವಾಸಿಸುವವನು. ಮಹಾಪೌರನೆಂದರೆ ಪೌರರೊಳಗೆ ದೊಡ್ಡವನು, ಅವರಿಂದ ದೊಡ್ಡವನಾದವನು. ಹೀಗಿರಲು ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಪೌರನು ಮಹಾಪೌರನಿಗೆ ಮತ ಹಾಕಿದ ಪದ್ಧತಿ ಇಲ್ಲ. ಪಾಲಿಕೆಯ ಸದಸ್ಯರೂ ಅವರ ಜೊತೆಗೆ ಶಾಸಕರು ಮತ್ತು ಸಂಸತ್ಸದಸ್ಯರೂ ಸೇರಿ ಆರಿಸುತ್ತ ಬಂದರು. ೨೦೧೫ರಲ್ಲಿ ಬೆಂಗಳೂರಿನ ೧೯೮ ಸ್ಥಾನಗಳ ಪೈಕಿ ೧೦೦ನ್ನು ಭಾರತೀಯ ಜನತಾ ಪಕ್ಷ ಗೆದ್ದಿತ್ತು. ಆದರೂ ಆ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ಸಿನ ಬಿ. ಎನ್. ಮಂಜುನಾಥ ರೆಡ್ಡಿಯವರು ಮಹಾಪೌರರಾದರು. ಕಾನೂನಿನಲ್ಲಿ ಇದಕ್ಕೆ ದೋಷ ಹೇಳುವಂತಿಲ್ಲ. ಶಬ್ದದಲ್ಲಿ ಮಾತ್ರ ದೋಷ ಉಳಿಯುತ್ತದೆ. ೨೦೨೦ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಪರ್ಯಂತ ಚುನಾವಣೆಯೇ ನಡೆಯದೆ, ೨೦೨೫ರಲ್ಲಿ ಆ ಪಾಲಿಕೆಯನ್ನು ಒಡೆದು ಐದು ಮಾಡಲಾಯಿತು. ಇನ್ನು ಪುರ, ನಗರ ಎಂಬವು ಸಂಸ್ಕೃತದಲ್ಲಿ ಸಮಾನಾರ್ಥಕಗಳು. ಶಾಸನಸಭೆಯ ಕಾನೂನಿನಲ್ಲಿ ಅವು ಮೆಟ್ಟಿಲುಗಳು. ಅದರಂತೆ ನಂಜನಗೂಡಿನದು ನಗರಸಭೆ, ನರಸೀಪುರದ್ದು ಪುರಸಭೆ. ಪೌರ ಶಬ್ದಕ್ಕೆ ಕನ್ನಡದಲ್ಲಿ ಇನ್ನೊಂದು ಸಂತಾನವೂ ಉಂಟು: ಬೀದಿ ಗುಡಿಸುವವರನ್ನು ಪೌರಕಾರ್ಮಿಕರೆನ್ನುತ್ತಾರೆ. ಪೂಜ್ಯ ವಿಶೇಷಣ ಒಂದು ಕಡೆಗೇ ಹತ್ತಿ, ಇನ್ನೊಂದು ಕಡೆಗೆ ಹತ್ತದೆ ಹೋದುದನ್ನು ಶಬ್ದಶಾಸ್ತ್ರದ ವಿದ್ಯಾರ್ಥಿಯಾದರೂ ಗಮನಿಸಬೇಕು.

ಮತವೆಂಬುದು ಮನ್ ಧಾತುವಿನಿಂದ ಬಂದದ್ದು. ಯೋಚಿಸಿ ಕಂಡದ್ದು, ಒಪ್ಪಿದ್ದು ಎಂದರ್ಥ. ಸಮ್ಮತ, ಅಭಿಮತ, ಬಹುಮತ, ಸರ್ವಾನುಮತಗಳಲ್ಲಿ ಈ ಅರ್ಥ ಕೆಡದೆ ಉಳಿದಿದೆ. ಆದರೆ ಕನ್ನಡದಲ್ಲಿ ಬಹುಕಾಲದಿಂದ ಮತವೆಂದರೆ ದೇವರನ್ನು ಕುರಿತ ಒಂದು ನಂಬಿಕೆಯ ಪಂಗಡವೆಂಬ ಅರ್ಥವೂ ಬೇರೂರಿದೆ. ಒಂದೇ ಶಬ್ದಕ್ಕೆ ಎರಡರ್ಥವಿದ್ದರೆ ಶ್ಲೇಷೆ ಮಾಡುವವರಿಗೆ ಅನುಕೂಲ, ಚುನಾವಣಾಧಿಕಾರಿಗಳಿಗೆ ಅಲ್ಲ. ಪಂಗಡವನ್ನು ಬಿಟ್ಟು ಪಂಗಡವನ್ನು ಸೇರಿದರೆ ಮತಾಂತರವೆನ್ನುತ್ತಾರೆ. ಪಕ್ಷವನ್ನು ಬಿಟ್ಟು ಪಕ್ಷವನ್ನು ಸೇರಿದರೆ ಪಕ್ಷಾಂತರ. ಎರಡನೆಯದರಲ್ಲಿ ಮತ ಬದಲಾಗಬೇಕೆಂಬ ನಿಯಮ ಕಾಣುವುದಿಲ್ಲ. ಮತಕ್ಕೆ ಬೆಲೆಯೆಷ್ಟೆಂಬುದನ್ನು ಈ ಸೀಮೆಯವರಿಗೆ ವ್ಯುತ್ಪತ್ತಿಯಿಂದ ತಿಳಿಸಬೇಕಾದುದಿಲ್ಲ. ೨೦೦೪ರಲ್ಲಿ ನೆರೆಯ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣರು ಒಂದೇ ಒಂದು ಮತದ ಅಂತರದಿಂದ ಗೆದ್ದರು. ಅವರಿಗೆ ೪೦,೭೫೨, ಎದುರಾಳಿಗೆ ೪೦,೭೫೧.

ಹೀಗೆ ತಕ್ಕಮಟ್ಟಿಗೆ ಒಳ್ಳೆಯದಾದ ಮತಶಬ್ದಕ್ಕೆ ದಾನವನ್ನು ಸೇರಿಸಿದವರು ಯಾರೋ, ಅವರು ಕನ್ನಡಕ್ಕೆ ಉಪಕಾರ ಮಾಡಲಿಲ್ಲ. ದಾನವೆಂದರೆ ತನ್ನ ವಸ್ತುವಿನಲ್ಲಿ ತನಗಿದ್ದ ಸ್ವಾಮ್ಯವನ್ನು ನೀಗಿ ಅದನ್ನು ಇನ್ನೊಬ್ಬನ ಸ್ವಾಮ್ಯಕ್ಕೆ ಒಪ್ಪಿಸುವುದೆಂದು ಧರ್ಮಶಾಸ್ತ್ರಕಾರರು ನಿರ್ಣಯಿಸಿದ್ದಾರೆ. ಇದರ ವ್ಯವಹಾರವನ್ನು ತಿಳಿಯಬೇಕಾದವರು ದೂರ ಹೋಗಬೇಕಾದುದಿಲ್ಲ. ರೈಸ್ ಸಾಹೇಬರು ೧೮೯೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಸೇರಿವೆ. ದಾನಶಾಸನಗಳ ಮಾದರಿ ಅಲ್ಲಿ ಪುಟಪುಟಕ್ಕೂ ಕಾಣುತ್ತದೆ. ಕೊಡುವವನು ನೀರೆರೆದು ಕೊಡುತ್ತಾನೆ. ಕೊಟ್ಟ ನೆಲದ ಎಲ್ಲೆಗಳನ್ನು ಹೇಳುತ್ತಾನೆ. ಸೂರ್ಯಚಂದ್ರರಿರುವವರೆಗೂ ಇದು ನಡೆಯತಕ್ಕದ್ದೆನ್ನುತ್ತಾನೆ. ಕಡೆಯಲ್ಲಿ, ಕೊಟ್ಟದ್ದನ್ನು ಮರಳಿ ಕಿತ್ತುಕೊಂಡವನಿಗೆ, ಅವನು ತಾನೇ ಆಗಲಿ ತನ್ನ ವಂಶದವನೇ ಆಗಲಿ, ಘೋರವಾದ ಶಾಪವನ್ನು ಕೆತ್ತಿಸುತ್ತಾನೆ. ಮತ ಹಾಕುವುದಕ್ಕೂ ಇದಕ್ಕೂ ಎಲ್ಲಿ ಹೋಲಿಕೆ? ಪ್ರಜೆಯು ಮತ ಹಾಕುವುದು ಸೂರ್ಯಚಂದ್ರರ ಅವಧಿಗಲ್ಲ, ಐದು ವರ್ಷಕ್ಕೆ. ಮರಳಿ ತೆಗೆದುಕೊಳ್ಳುವುದು ಇಲ್ಲಿ ಪಾಪವಲ್ಲ. ಅದೇ ಈ ವ್ಯವಸ್ಥೆಯ ಪ್ರಾಣ.

ವಿದ್ಯಾದಾನದಲ್ಲಿ ಕೊಟ್ಟವನಿಗೆ ನಷ್ಟವಿಲ್ಲವಲ್ಲ, ಮತದಾನವೂ ಆ ಜಾತಿಯದೇಕಾಗಬಾರದು ಎಂದು ಯಾರಾದರೂ ಕೇಳಬಹುದು. ಆಕ್ಷೇಪ ಬಲವಾದದ್ದೇ. ಆದರೆ ವಿದ್ಯೆಯನ್ನು ನೂರು ಜನಕ್ಕೆ ಕೊಟ್ಟರೂ ಅದು ಕೊಟ್ಟವನಲ್ಲಿ ಇರುತ್ತದೆ. ಮತವನ್ನು ಒಬ್ಬನಿಗೆ ಹಾಕಿದ ಗಳಿಗೆಯಲ್ಲಿಯೇ ಆ ಬಾರಿಯ ಮಟ್ಟಿಗೆ ಅದು ತೀರಿತು. ಅಲ್ಲದೆ ಮತದಾನಕ್ಕೆ ಜೊತೆಗಾರನಾಗಿ ಬಂದಿರುವ ಅಭ್ಯರ್ಥಿ ಶಬ್ದವನ್ನು ನೋಡಿದರೆ ಸಂದೇಹ ಉಳಿಯುವುದಿಲ್ಲ. ಅಭ್ಯರ್ಥಿಯೆಂದರೆ ಬೇಡುವವನು. ಬೇಡುವವನೊಬ್ಬ, ದಾನ ಮಾಡುವವನೊಬ್ಬ, ನಡುವೆ ಪುಣ್ಯ: ಚಿತ್ರ ಪೂರ್ತಿಯಾಯಿತು. ದಾನ ಪಡೆದವನಿಂದ ಲೆಕ್ಕ ಕೇಳುವ ಪದ್ಧತಿ ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಆಶ್ಚರ್ಯವೆಂದರೆ, ಮತದಾನ ಮಾಡುವವನಿಗೆ ಕನ್ನಡದಲ್ಲಿರುವ ಹೆಸರು ಇದಕ್ಕೆ ನೇರವಾಗಿ ವಿರುದ್ಧವಾದದ್ದು. ಮತದಾರ ಶಬ್ದದಲ್ಲಿರುವ ‘ದಾರ’ವನ್ನು ಕೊಡುವವನೆಂದು ಅನೇಕರು ತಿಳಿದಿದ್ದಾರೆ. ಅದು ಪಾರಸಿಯ ಪ್ರತ್ಯಯ. ಜಮೀನುದಾರ, ಸುಬೇದಾರ, ಹಕ್ಕುದಾರರಲ್ಲಿ ಇರುವಂಥದೇ. ಉಳ್ಳವನು, ಹಿಡಿದಿರುವವನು ಎಂದು ಅದರ ಅರ್ಥ. ಹೆಸರಿನಲ್ಲಿ ಒಡೆಯನಾದವನು ಕ್ರಿಯೆಯಲ್ಲಿ ಒಡೆತನವನ್ನು ಕಳೆದುಕೊಳ್ಳುವ ಈ ವಿಚಿತ್ರವನ್ನು ಪಂಡಿತರು ತಂದರು. ಹಳ್ಳಿಯವರು ತರಲಿಲ್ಲ. ಅವರು ‘ಓಟು ಹಾಕುತ್ತಾರೆ’, ‘ಓಟು ಒತ್ತುತ್ತಾರೆ’. ಕಾಗದದ ಮೇಲೆ ಠಸ್ಸೆಯೊತ್ತುವ ಕಾಲ ಹೋಗಿ ಯಂತ್ರದ ಗುಂಡಿಯೊತ್ತುವ ಕಾಲ ಬಂದರೂ ಒತ್ತು ಧಾತು ಕೆಡದೆ ನಡೆದುಬಂದಿತು. ವಿದ್ವತ್ಸಮಿತಿ ಸೇರಿ ಹುಡುಕಿದ್ದರೂ ಇಷ್ಟು ಅನುಕೂಲವಾದ ಧಾತು ಸಿಕ್ಕುತ್ತಿರಲಿಲ್ಲ. ಮತಗಟ್ಟೆಯೂ ಒಳ್ಳೆಯ ಶಬ್ದ. ಸಂಸ್ಕೃತದ ಮತಕ್ಕೆ ಕನ್ನಡದ ಕಟ್ಟೆಯನ್ನು ಕೂಡಿಸಿದ್ದು ಅರಿಸಮಾಸವೆಂದು ಕೇಶಿರಾಜನ ಅನುಯಾಯಿಗಳು ಮುಖ ಸಿಂಡರಿಸಬಹುದು. ಆದರೂ ಅಶ್ವತ್ಥಕಟ್ಟೆಯ ಮೇಲೆ ಕುಳಿತು ಊರಿನ ನ್ಯಾಯ ತೀರಿಸಿದವರ ನೆನಪನ್ನು ಆ ಶಬ್ದ ಹೊತ್ತಿದೆ. ಕಕಾರಕ್ಕೆ ಗಕಾರ ಬಂದು ಕಿವಿಗೂ ಹಿತವಾಗಿದೆ.

ಅಭ್ಯರ್ಥಿಗೆ ಮುಂಚೆ ಈ ನಾಡಿನಲ್ಲಿ ಉಮೇದುವಾರನೆಂಬ ಮಾತು ನಡೆಯುತ್ತಿತ್ತು. ಪಾರಸಿಯಲ್ಲಿ ಆಸೆಯುಳ್ಳವನೆಂದು ಅದರರ್ಥ. ಪತ್ರಿಕೆಗಳು ಈಚೆಗೆ ಹುರಿಯಾಳನ್ನು ಹಳಗನ್ನಡದಿಂದ ಎಬ್ಬಿಸಿ ತಂದಿವೆ. ಧಾನ್ಯ ಬಡಿಯುವ ಕಣ ಕಾಳಗದ ಕಣವಾಗಿದೆ. ಬೇಡುವವನಿಗಿಂತ ಕಾದುವವನು ಮೇಲೆಂದು ಯಾರೋ ಯೋಚಿಸಿರಬೇಕು. ಆದರೆ ಇವರೆಲ್ಲರಿಗಿಂತ ಮುಂಚೆ ಒಬ್ಬನಿರುತ್ತಾನೆ, ಅವನು ಆಕಾಂಕ್ಷಿ. ವಾಕ್ಯಾರ್ಥ ಕೂಡಿಬರಬೇಕಾದರೆ ಪದಗಳಿಗೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇರಬೇಕೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಅಭ್ಯರ್ಥಿ ಕೂಡಿಬರುವುದಕ್ಕೂ ಈ ಮೂರೇ ಸಾಕು. ಮಧ್ಯದ್ದು ಕಡಮೆಯಾದರೆ ಕಡೆಯದರಿಂದ ತುಂಬಿಕೊಳ್ಳುವ ಸೌಕರ್ಯವೂ ಇಲ್ಲಿ ಉಂಟು.

ಇನ್ನು ಟಿಕೆಟ್ಟು. ಈ ಶಬ್ದವನ್ನು ಗ್ರಾಮ್ಯವೆಂದು ನಿಘಂಟಿನಿಂದ ಹೊರಗಿಡುವವರು ದೊಡ್ಡ ತಪ್ಪು ಮಾಡುತ್ತಾರೆ. ಚುನಾವಣೆಯ ಶಬ್ದಗಳಲ್ಲೆಲ್ಲ ಸತ್ಯವನ್ನು ನುಡಿಯುವುದು ಇದೊಂದೇ. ಟಿಕೆಟ್ಟನ್ನು ಕೊಡುವವರು ಬೇರೆ, ಪಡೆಯುವವರು ಬೇರೆ, ಬಂಡಿ ಮೂರನೆಯವರದು. ಟಿಕೆಟ್ಟು ‘ಸಿಕ್ಕುತ್ತದೆ’, ‘ಕೈತಪ್ಪುತ್ತದೆ’, ಸಿಕ್ಕದವನು ‘ವಂಚಿತ’ನಾಗುತ್ತಾನೆ. ಕೊಡುವವರು ವರಿಷ್ಠರು. ಈ ಕ್ರಿಯಾಪದಗಳಲ್ಲಿ ಯಾವುದಕ್ಕೂ ಮತದಾರನು ಕರ್ತೃವಾಗುವುದಿಲ್ಲ, ಕರ್ಮವಾಗುವುದಿಲ್ಲ, ಸಂಪ್ರದಾನದಲ್ಲಿಯೂ ಅವನಿಗೆ ಎಡೆಯಿಲ್ಲ. ಕನ್ನಡ ಸಾಹಿತ್ಯದ ಅಧ್ಯಾಪಕರಿಗೆ ಇದಕ್ಕೊಂದು ಹಳೆಯ ಉಪಮಾನ ಸುಲಭವಾಗಿ ಹೊಳೆಯುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತನ್ನನ್ನು ನೃಪತುಂಗದೇವನ ‘ಅನುಮತ’ವೆಂದು ಹೇಳಿಕೊಂಡಿರುವುದರಿಂದ, ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬ ವಾದ ಬಹುಕಾಲ ನಡೆಯಿತು. ಶ್ರೀವಿಜಯನೇ ಬರೆದನೆಂದು ಒಪ್ಪಿದವರಿಗೆ ಅನುಮತವೆಂಬುದು ದೊರೆಯ ಒಪ್ಪಿಗೆಯೆಂದಷ್ಟೆ ಆಗುತ್ತದೆ. ಟಿಕೆಟ್ಟು ಅಂಥ ಅನುಮತ. ಭೇದವಿಷ್ಟೆ: ಅಲ್ಲಿ ಕೃತಿ ಮೊದಲು, ಅನುಮತಿ ಆಮೇಲೆ, ಇಲ್ಲಿ ಅನುಮತಿ ಬಾರದೆ ಕೃತಿಯೇ ಹುಟ್ಟದು.

ನಂಜನಗೂಡಿನ ೨೦೧೭ರ ಉಪಚುನಾವಣೆಯನ್ನು ಈ ದೃಷ್ಟಿಯಿಂದ ಓದಬೇಕು. ೨೦೧೩ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ವಿ. ಶ್ರೀನಿವಾಸಪ್ರಸಾದರು ಜಾತ್ಯತೀತ ಜನತಾದಳದ ಕಳಲೆ ಕೇಶವಮೂರ್ತಿಯವರನ್ನು ೮,೯೪೧ ಮತಗಳಿಂದ ಸೋಲಿಸಿದರು. ೨೦೧೬ರಲ್ಲಿ ಮಂತ್ರಿಪದವಿಯಿಂದ ತೆಗೆಯಲ್ಪಟ್ಟ ಪ್ರಸಾದರು ಶಾಸಕತ್ವಕ್ಕೆ ರಾಜೀನಾಮೆಯಿತ್ತು ಭಾರತೀಯ ಜನತಾ ಪಕ್ಷವನ್ನು ಸೇರಿದರು. ಕಾಂಗ್ರೆಸ್ಸಿನವರು ತಮ್ಮೊಳಗಿನ ಆಕಾಂಕ್ಷಿಗಳನ್ನು ಬಿಟ್ಟು ಕೇಶವಮೂರ್ತಿಯವರನ್ನೇ ದಳದಿಂದ ಕರೆತಂದು ನಿಲ್ಲಿಸಿದರು. ದಳದವರು ಯಾರನ್ನೂ ನಿಲ್ಲಿಸಲಿಲ್ಲ. ಏಪ್ರಿಲ್ ೯ರಂದು ಮತ ಹಾಕಲು ಹೋದ ನಂಜನಗೂಡಿನವನ ಮುಂದೆ ನಾಲ್ಕು ವರ್ಷದ ಹಿಂದಿನ ಆ ಇಬ್ಬರೇ ಮುಖ್ಯ ಎದುರಾಳಿಗಳಾಗಿ ನಿಂತಿದ್ದರು. ಬಾವುಟಗಳು ಮಾತ್ರ ಬದಲಾಗಿದ್ದುವು. ಕೇಶವಮೂರ್ತಿಯವರಿಗೆ ೮೬,೨೧೨, ಪ್ರಸಾದರಿಗೆ ೬೪,೮೭೮ ಮತಗಳು ಬಂದುವು. ಜನರು ಮತ ಬದಲಾಯಿಸಿದರೋ, ವ್ಯಕ್ತಿಯನ್ನು ಬದಲಾಯಿಸಿದರೋ, ಬಾವುಟಕ್ಕೆ ನಿಷ್ಠರಾಗಿ ಉಳಿದರೋ ಎಂಬುದನ್ನು ಅಂಕಿಗಳಿಂದ ಹೇಳಲಾಗದು. ಎರಡೂ ಕಡೆಯ ಹೆಸರುಗಳನ್ನು ಬರೆದವರು ಅವರಲ್ಲವೆಂಬುದನ್ನು ಮಾತ್ರ ಹೇಳಬಹುದು. ಮುಂದಿನ ವರ್ಷವೇ ಪ್ರಸಾದರ ಅಳಿಯಂದಿರಾದ ಬಿ. ಹರ್ಷವರ್ಧನರು ಕೇಶವಮೂರ್ತಿಯವರನ್ನು ೧೨,೪೭೯ ಮತಗಳಿಂದ ಸೋಲಿಸಿದರು.

ಅದೇ ೨೦೧೮ರಲ್ಲಿ ನೆರೆಯ ವರುಣಾ ಕ್ಷೇತ್ರದ ಪ್ರಕರಣ ಇನ್ನೂ ಬೋಧಪ್ರದವಾದದ್ದು. ೨೦೦೮ರ ಪುನರ್ವಿಂಗಡಣೆಯಲ್ಲಿ ಹುಟ್ಟಿದ ಈ ಕ್ಷೇತ್ರಕ್ಕೆ ನಂಜನಗೂಡು, ನರಸೀಪುರ ಎರಡು ತಾಲ್ಲೂಕುಗಳ ಗ್ರಾಮಗಳೂ ಸೇರಿವೆ. ಅಲ್ಲಿ ಬಿ. ವೈ. ವಿಜಯೇಂದ್ರರು ನಿಲ್ಲುವರೆಂದು ಭಾರತೀಯ ಜನತಾ ಪಕ್ಷದ ಕಾರ್ಯಕರ್ತರು ವಾರಗಟ್ಟಲೆ ಓಡಾಡಿದ್ದರು. ಏಪ್ರಿಲ್ ೨೩ರಂದು ಅವರ ತಂದೆಯವರಾದ ಬಿ. ಎಸ್. ಯಡಿಯೂರಪ್ಪನವರು ನಂಜನಗೂಡಿನ ಸಭೆಯಲ್ಲಿ, ಮಗನು ನಿಲ್ಲುವುದಿಲ್ಲವೆಂದು ಪ್ರಕಟಿಸಿದರು. ಕಾರ್ಯಕರ್ತರು ಕುರ್ಚಿಗಳನ್ನೆಸೆದು ಕೂಗಾಡಿದರು, ಪೊಲೀಸರು ಲಾಠಿ ಬೀಸಿದರು. ವರಿಷ್ಠರ ನಿರ್ಣಯ ಸರಿಯೋ ತಪ್ಪೋ ಎಂಬುದು ಇಲ್ಲಿ ಪ್ರಕೃತವಲ್ಲ. ಹೊರಗಿನಿಂದ ಬಂದವರನ್ನು, ಅದರಲ್ಲಿಯೂ ನಾಯಕರ ಮಗನನ್ನು ಬಯಸಿದ ಕಾರ್ಯಕರ್ತರ ವಿವೇಕವೂ ಚರ್ಚೆಗೆ ಯೋಗ್ಯವಾದದ್ದೇ. ಆದರೆ ಅವರಿಗೂ ಒಂದು ಮತವಿತ್ತು, ಅದನ್ನು ಹಾಕಲು ಕಟ್ಟೆಯಿರಲಿಲ್ಲ. ಇಲ್ಲದ ಮತಗಟ್ಟೆಯ ಕೆಲಸವನ್ನು ಆ ದಿನ ಕುರ್ಚಿಗಳು ಮಾಡಿದುವು. ಆ ಚುನಾವಣೆಯಲ್ಲಿ ಯತೀಂದ್ರ ಸಿದ್ಧರಾಮಯ್ಯನವರು ಭಾರಿ ಅಂತರದಿಂದ ಗೆದ್ದರು. ೨೦೨೩ರಲ್ಲಿ ಅದೇ ಪಕ್ಷದ ವರಿಷ್ಠರು ಬೆಂಗಳೂರಿನಿಂದ ವಿ. ಸೋಮಣ್ಣನವರನ್ನು ವರುಣಾಕ್ಕೆ ಕಳುಹಿದರು. ಅವರು ಸಿದ್ಧರಾಮಯ್ಯನವರಿಗೆ ೪೬,೧೬೩ ಮತಗಳಿಂದ ಸೋತರು.

ನರಸೀಪುರ ಕ್ಷೇತ್ರದಲ್ಲಿ ೨೦೧೮ರಲ್ಲಿ ಡಾ. ಎಚ್. ಸಿ. ಮಹದೇವಪ್ಪನವರು ದಳದ ಅಶ್ವಿನ್ ಕುಮಾರರಿಗೆ ಸೋತಿದ್ದರು. ಮುಂದಿನ ಚುನಾವಣೆಗೆ ನಂಜನಗೂಡಿನ ಟಿಕೆಟ್ಟಿಗೆ ಅವರೂ ಧ್ರುವನಾರಾಯಣರೂ ಆಕಾಂಕ್ಷಿಗಳಾಗಿದ್ದರು. ೨೦೨೩ರ ಮಾರ್ಚ್ ೧೧ರಂದು ಧ್ರುವನಾರಾಯಣರು ತೀರಿಕೊಂಡುದರಿಂದ, ಮಹದೇವಪ್ಪನವರು ಅವರ ಮಗ ದರ್ಶನರಿಗೆ ನಂಜನಗೂಡನ್ನು ಬಿಟ್ಟುಕೊಟ್ಟು ತಾವು ನರಸೀಪುರಕ್ಕೆ ಮರಳಿದರು. ದಳದವರೂ ದರ್ಶನರಿಗೆದುರಾಗಿ ಯಾರನ್ನೂ ನಿಲ್ಲಿಸಲಿಲ್ಲ. ಇಬ್ಬರೂ ಗೆದ್ದರು, ದರ್ಶನರ ಅಂತರ ೪೭,೬೦೭. ಇಂಥ ಸಂದರ್ಭಗಳಲ್ಲಿ ತ್ಯಾಗವೆಂಬ ಮಾತನ್ನು ಆಡುವ ರೂಢಿ ಉಂಟು. ಮರಣದ ಮನೆಯ ಮುಂದೆ ಸ್ಪರ್ಧೆಯನ್ನು ಬಿಟ್ಟದ್ದು ಮಾನವೀಯವಾದ ನಡತೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ತ್ಯಾಗ ಶಬ್ದವನ್ನು ವಿಮರ್ಶಕನು ಬಿಡುವಂತಿಲ್ಲ. ತನ್ನದನ್ನು ಬಿಟ್ಟರೆ ತ್ಯಾಗ. ಮತದಾರನು ಮಾಡಿದರೆ ದಾನ, ನಾಯಕನು ಮಾಡಿದರೆ ತ್ಯಾಗ ಎಂದಾಗ, ಕ್ಷೇತ್ರವು ಮೊದಲಿನಿಂದ ಯಾರ ಸ್ವಾಮ್ಯದಲ್ಲಿತ್ತೆಂಬ ಪ್ರಶ್ನೆಗೆ ಭಾಷೆಯೇ ಉತ್ತರ ಕೊಟ್ಟಂತಾಯಿತ್ತು.

ಕ್ಷೇತ್ರವೆಂದ ಕೂಡಲೆ ಮೀಸಲನ್ನು ಹೇಳಬೇಕು; ಈ ವಿಷಯದ ಅತ್ಯಂತ ಸೂಕ್ಷ್ಮವಾದ ಗಂಟು ಇಲ್ಲಿದೆ. ನಂಜನಗೂಡು ೨೦೦೮ರಿಂದಲೂ, ನರಸೀಪುರವೂ, ಪರಿಶಿಷ್ಟ ಜಾತಿಗಳಿಗೆ ಮೀಸಲಾದ ಕ್ಷೇತ್ರಗಳು. ಶ್ರೀಕಂಠೇಶ್ವರನ ಊರಿನಲ್ಲಿ ಮೀಸಲೆಂದರೇನೆಂದು ಕೇಳಿದರೆ ಮುದುಕಿಯರು ಹೇಳುವರು: ಯಾರೂ ಮುಟ್ಟದೆ, ರುಚಿ ನೋಡದೆ, ದೇವರಿಗೆಂದು ಮೊದಲೇ ತೆಗೆದಿಟ್ಟದ್ದು ಮೀಸಲು. ಯಾರನ್ನು ಮುಟ್ಟಬಾರದೆಂದು ಸಮಾಜ ದೂರವಿಟ್ಟಿತ್ತೋ ಅವರ ಹಕ್ಕಿಗೆ, ಮುಟ್ಟದೆ ಪವಿತ್ರವಾಗಿ ಇಟ್ಟದ್ದೆಂಬ ಶಬ್ದ ಬಂದುದು ಭಾಷೆ ಮಾಡಿದ ಪ್ರಾಯಶ್ಚಿತ್ತವೋ ವ್ಯಂಗ್ಯವೋ ತಿಳಿಯದು. ಆದರೆ ಮೀಸಲನ್ನು ತೆಗೆದಿಡುವವನು ಮನೆಯ ಯಜಮಾನ. ಯಾವುದನ್ನು ತೆಗೆದಿಡಬೇಕೆಂದು ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಇಲ್ಲಿ ಶಬ್ದದ ಪ್ರಶ್ನೆಯಾಗಿ ನಿಲ್ಲುವುದಿಲ್ಲ.

ಏಕೆಂದರೆ ಭಾರತದಲ್ಲಿ ಈ ಪ್ರಶ್ನೆಗೆ ಒಂದು ಕಾಲದಲ್ಲಿ ಉತ್ತರವಿತ್ತು. ೧೯೩೨ರ ಸೆಪ್ಟೆಂಬರ್ ೨೪ರಂದು ಆದ ಪೂನಾ ಒಪ್ಪಂದದ ಪ್ರಕಾರ, ಪ್ರತಿಯೊಂದು ಮೀಸಲು ಸ್ಥಾನಕ್ಕೂ ಮೊದಲು ಆಯಾ ಕ್ಷೇತ್ರದ ದಲಿತ ವರ್ಗಗಳ ಮತದಾರರು ಮಾತ್ರ ಸೇರಿ ನಾಲ್ವರನ್ನು ಆರಿಸತಕ್ಕದ್ದು. ಅನಂತರ ಎಲ್ಲ ಜಾತಿಯ ಮತದಾರರೂ ಆ ನಾಲ್ವರೊಳಗೆ ಒಬ್ಬನನ್ನು ಚುನಾಯಿಸತಕ್ಕದ್ದು. ಇದಕ್ಕೆ ಒಪ್ಪಂದದ ಇಂಗ್ಲಿಷಿನಲ್ಲಿರುವ ಹೆಸರು ಪ್ರೈಮರಿಯೇ. ಹತ್ತು ವರ್ಷದ ಗಡುವಿನಿಂದ ಕಟ್ಟಲ್ಪಟ್ಟ ಈ ಪದ್ಧತಿ ಬ್ರಿಟಿಷ್ ಪ್ರಾಂತಗಳಲ್ಲಿ ಕೆಲವು ಕಾಲ ನಡೆಯಿತು. ಮೈಸೂರು ಸಂಸ್ಥಾನಕ್ಕೆ ಸೇರಿದ ನಂಜನಗೂಡು ನರಸೀಪುರಗಳಿಗೆ ಅದು ಬರಲೇ ಇಲ್ಲ. ೧೯೫೦ರ ಸಂವಿಧಾನವು ಮೀಸಲನ್ನು ಉಳಿಸಿ, ಒಳಗಿನ ಈ ಆಯ್ಕೆಯನ್ನು ಉಳಿಸಲಿಲ್ಲ. ಬುಡಾಪೆಸ್ಟಿನವರು ೨೦೧೯ರಲ್ಲಿ ಮಾಡಿದ್ದನ್ನು ವಿದೇಶದ ಹೊಸ ಬೆಡಗೆಂದು ತಳ್ಳಿಹಾಕುವವರು ಇದನ್ನು ನೆನೆಯಬೇಕು. ಆ ಪದ್ಧತಿ ಉಳಿದಿದ್ದರೆ ೨೦೧೭ರಲ್ಲಿ ನಂಜನಗೂಡಿನ ದಲಿತ ಮತದಾರರ ಮುಂದೆ ಇಬ್ಬರಲ್ಲ, ನಾಲ್ವರು ಇರುತ್ತಿದ್ದರು. ಮತ್ತು ಆ ನಾಲ್ವರ ಹೆಸರುಗಳನ್ನು ಅವರೇ ಬರೆದಿರುತ್ತಿದ್ದರು. ಅವರು ಬೇರೆಯವರನ್ನೇ ಆರಿಸುತ್ತಿದ್ದರೆಂದು ಹೇಳುವುದಕ್ಕೆ ಆಧಾರವಿಲ್ಲ.

ಕನ್ನಡ ನಾಡಿನಲ್ಲಿಯೇ ಇದರ ಇನ್ನೊಂದು ಪ್ರಯೋಗ ನಡೆದದ್ದುಂಟು. ೨೦೧೪ರ ಲೋಕಸಭಾ ಚುನಾವಣೆಗೆ ಮುಂಚೆ ಕಾಂಗ್ರೆಸ್ ಪಕ್ಷವು ದೇಶದ ಕೆಲವೇ ಕ್ಷೇತ್ರಗಳಲ್ಲಿ ಪಕ್ಷದೊಳಗಿನವರಿಂದ ಮತ ಪಡೆದು ಅಭ್ಯರ್ಥಿಯನ್ನು ಗೊತ್ತುಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರವೂ ದಕ್ಷಿಣ ಕನ್ನಡವೂ ಅವುಗಳೊಳಗೆ ಸೇರಿದ್ದುವು. ಮೊದಲನೆಯದರಲ್ಲಿ ಸಿ. ನಾರಾಯಣಸ್ವಾಮಿಯವರೂ ಎರಡನೆಯದರಲ್ಲಿ ಬಿ. ಜನಾರ್ದನ ಪೂಜಾರಿಯವರೂ ಹೀಗೆ ಆಯ್ಕೆಯಾಗಿ, ಇಬ್ಬರೂ ಚುನಾವಣೆಯಲ್ಲಿ ಸೋತರು. ಸೋತುದರಿಂದ ಪ್ರಯೋಗವೇ ಕೆಟ್ಟದ್ದೆಂದು ಅನೇಕರು ತೀರ್ಮಾನಿಸಿದರು. ಆ ವರ್ಷ ಟಿಕೆಟ್ಟಿನಿಂದ ನಿಂತ ಕಾಂಗ್ರೆಸ್ಸಿನವರೂ ದೇಶದಲ್ಲೆಲ್ಲ ಸೋತರೆಂಬುದನ್ನು ಆ ತರ್ಕ ಮರೆಯಿತು.

ಈ ಲಕ್ಷ್ಯಗಳನ್ನೆಲ್ಲ ಮುಂದಿಟ್ಟುಕೊಂಡು ನೋಡಿದರೆ, ಕನ್ನಡವು ತನಗರಿಯದೆಯೇ ಒಂದು ಭೇದವನ್ನು ಕಾಪಾಡಿಕೊಂಡು ಬಂದಿರುವುದು ಕಾಣುತ್ತದೆ. ಚುನಾವಣೆ ಉತ್ತರದಿಂದ ಬಂದ ಶಬ್ದ, ಆಯ್ಕೆ ಅಚ್ಚಗನ್ನಡ. ಅಕ್ಕಿಯಲ್ಲಿ ಕಲ್ಲನ್ನು ಆಯುತ್ತಾರೆ, ಗಿಡದಡಿಯಲ್ಲಿ ಬಿದ್ದ ಹೂವನ್ನು ಆಯುತ್ತಾರೆ. ಬಾಗಿ, ಕಣ್ಣಿಟ್ಟು, ಒಂದೊಂದಾಗಿ ಮಾಡುವ ಕೆಲಸ ಅದು. ಪತ್ರಿಕೆಗಳಲ್ಲಿ ‘ಅಭ್ಯರ್ಥಿಗಳ ಆಯ್ಕೆ’ ನಡೆಯುವುದು ವರಿಷ್ಠರ ಮನೆಯಲ್ಲಿ, ‘ಚುನಾವಣೆ’ ನಡೆಯುವುದು ಮತಗಟ್ಟೆಯಲ್ಲಿ. ಕಲ್ಲನ್ನೂ ಕಾಳನ್ನೂ ಬೇರೆ ಮಾಡುವ ಅಧಿಕಾರ ಒಬ್ಬರಿಗೆ, ಆಯ್ದಿಟ್ಟದ್ದನ್ನು ಬೇಯಿಸುವ ಅಧಿಕಾರ ಎಲ್ಲರಿಗೆ ಎಂಬಂತಾಗಿದೆ. ಕವಿಗಳು ವರ್ಣಿಸಿದ ಸ್ವಯಂವರಗಳಲ್ಲಿಯೂ ಇದೇ ಕ್ರಮ ಉಂಟು: ಕನ್ಯೆ ಸ್ವತಂತ್ರಳು, ಆದರೆ ಮಂಟಪಕ್ಕೆ ಯಾವ ರಾಜರನ್ನು ಕರೆಯಬೇಕೆಂಬುದು ತಂದೆಯ ವಶ.

ಹಾಗಾದರೆ ಏಳನೆಯ ಶಬ್ದವೇನು? ‘ಪೂರ್ವಾಯ್ಕೆ’ ಎನ್ನಬಹುದೆಂದು ತೋರಬಹುದು. ಇದು ಅರಿಸಮಾಸ, ಮತಗಟ್ಟೆಗಿರುವ ರೂಢಿಯ ಬಲವಾಗಲಿ ಸೊಗಸಾಗಲಿ ಇದಕ್ಕಿಲ್ಲ. ‘ಒಳಚುನಾವಣೆ’ ಪಕ್ಷದ ಸದಸ್ಯರು ಮಾತ್ರ ಮತ ಹಾಕುವಲ್ಲಿ ಒಪ್ಪುತ್ತದೆ, ಬುಡಾಪೆಸ್ಟಿನಂತೆ ಊರಿಗೆ ಊರೇ ಸೇರುವಲ್ಲಿ ಒಪ್ಪದು. ‘ಅಭ್ಯರ್ಥಿವರಣ’ ಕಿವಿಗೆ ಕರ್ಮಾಂಗದಂತೆ ಕೇಳುತ್ತದೆ. ‘ಮುನ್ನಾಯ್ಕೆ’ ಎಂಬುದು ಮುನ್ನ, ಆಯ್ಕೆ ಎರಡೂ ಕನ್ನಡವಾಗಿ, ಲೋಪಸಂಧಿಯಿಂದ ಸಹಜವಾಗಿ ಕೂಡಿ, ಮುನ್ನುಡಿ ಮುನ್ಸೂಚನೆಗಳ ಸಾಲಿನಲ್ಲಿ ಕೂರುತ್ತದೆ. ವರಿಷ್ಠರ ಕೈಯಲ್ಲಿರುವ ಆಯ್ಕೆಯೆಂಬ ಮಾತನ್ನೇ ಮತದಾರನ ಕೈಗೆ ತರುವ ಅನುಕೂಲವೂ ಅದಕ್ಕಿದೆ. ಸಂಸ್ಥೆಯೇ ಇಲ್ಲದಿರುವಾಗ ಶಬ್ದವೇಕೆ, ಕೊರಳಿಲ್ಲದೆ ಹಾರವೇ ಎಂಬ ಆಕ್ಷೇಪ ಉಳಿಯುತ್ತದೆ. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ಅದರಲ್ಲಿ ಪ್ರಜೆಗಳು ಚುನಾಯಿಸಿದ ಪ್ರತಿನಿಧಿ ಒಬ್ಬನೂ ಇರಲಿಲ್ಲ. ಚುನಾವಣೆ ಬಂದದ್ದು ಹತ್ತು ವರ್ಷದ ಮೇಲೆ, ೧೮೯೧ರಲ್ಲಿ. ಶಬ್ದ ಅಲ್ಲಿಯವರೆಗೆ ಕಾದಿತ್ತು.